ಓಖ್ಲಾದ ತಂತ್ರಜ್ಞಾನ ನವೋದ್ಯಮಗಳು: ಯಶಸ್ಸಿನ ಕಾರಣಗಳು ಮತ್ತು ದುಡಿಮೆಯ ಒಡಂಬಡಿಕೆ

1. ಪ್ರವೇಶ

ದೆಹಲಿಯ ಆಗ್ನೇಯ ಅಂಚಿನಲ್ಲಿ, ಯಮುನೆಯ ದಂಡೆಯಲ್ಲಿರುವ ಓಖ್ಲಾ ಹೊರನಾಡಿನ ವಿದ್ವಾಂಸರಿಗೆ ಬಹುಮಟ್ಟಿಗೆ ಜಾಮಿಯಾ ಮಿಲಿಯಾ ಇಸ್ಲಾಮಿಯಾ ವಿಶ್ವವಿದ್ಯಾನಿಲಯದ ನೆಲೆಯಾಗಿ ಪರಿಚಿತವಾಗಿದೆ. ಆಧುನಿಕ ಭಾರತದ ಔದ್ಯೋಗಿಕ ಚರಿತ್ರೆಯಲ್ಲಿಯೂ ಈ ಸ್ಥಳಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. 1955ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಣ್ಣ ಕೈಗಾರಿಕೆಗಳ ನಿಗಮವು ತನ್ನ ಆರಂಭದ ವರ್ಷಗಳಲ್ಲಿ ಕೈಗೊಂಡ ಕೈಗಾರಿಕಾ ವಸಾಹತುಗಳಲ್ಲಿ ಓಖ್ಲಾವೂ ಒಂದು. 1976ರಲ್ಲಿ ಯಮುನೆಯ ಆಚೆಯ ದಂಡೆಯಲ್ಲಿ ಉತ್ತರ ಪ್ರದೇಶ ಸರ್ಕಾರವು ಹೊಸ ಕೈಗಾರಿಕಾ ನಗರವನ್ನು ರೂಪಿಸಿದಾಗ ಅದಕ್ಕೂ ಓಖ್ಲಾದ ಹೆಸರೇ ದೊರೆಯಿತು. ಇಂದು ಎಲ್ಲರ ಬಾಯಲ್ಲಿರುವ 'ನೊಯ್ಡಾ' ಎಂಬುದು 'ನವ ಓಖ್ಲಾ ಕೈಗಾರಿಕಾ ಅಭಿವೃದ್ಧಿ ಪ್ರಾಧಿಕಾರ' ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳ ಸಂಯೋಗವೇ ಆಗಿದೆ.

ಸಣ್ಣ ಯಂತ್ರಶಾಲೆಗಳು, ಮುದ್ರಣಾಲಯಗಳು ಮತ್ತು ಸಿದ್ಧ ಉಡುಪಿನ ಘಟಕಗಳ ಈ ವಸಾಹತಿನಲ್ಲಿ 2010ರ ನಂತರ ಅಂತರ್ಜಾಲವನ್ನು ಆಧರಿಸಿದ ಸಂಸ್ಥೆಗಳೂ ನೆಲೆಗೊಂಡವು. 2008ರಲ್ಲಿ ಸ್ಥಾಪಿತವಾದ ಇಂದ್ರಪ್ರಸ್ಥ ಮಾಹಿತಿ ತಂತ್ರಜ್ಞಾನ ಸಂಸ್ಥೆಯು ಓಖ್ಲಾದ ಮೂರನೆಯ ಹಂತಕ್ಕೆ ಬಂದುದು ಈ ಬದಲಾವಣೆಗೆ ಇಂಬು ನೀಡಿತು. ಇಂತಹ ಸಂಸ್ಥೆಗಳ ಬಗೆಗೆ ಎರಡು ಪ್ರಶ್ನೆಗಳು ಪದೇ ಪದೇ ಕೇಳಿಬರುತ್ತವೆ. ಕೆಲವು ಯಶಸ್ವಿಯಾಗುವುದು ಏತರಿಂದ ಎಂಬುದು ಮೊದಲನೆಯದು. ಭದ್ರವಾದ ನೌಕರಿಯನ್ನು ಬಿಟ್ಟು ಸಮರ್ಥರಾದವರು ಅಲ್ಲಿಗೆ ಹೋಗುವುದು ಏತಕ್ಕೆ ಎಂಬುದು ಎರಡನೆಯದು. ಮೊದಲನೆಯದನ್ನು ವ್ಯವಹಾರ ನಿರ್ವಹಣೆಯ ವಿದ್ವಾಂಸರೂ ಎರಡನೆಯದನ್ನು ಸಮಾಜಶಾಸ್ತ್ರಜ್ಞರೂ ಬೇರೆಬೇರೆಯಾಗಿ ಚರ್ಚಿಸುವುದು ರೂಢಿ. ಇವೆರಡೂ ಮೂಲತಃ ಒಂದೇ ಪ್ರಶ್ನೆಯ ಎರಡು ಮುಖಗಳು ಎಂಬುದನ್ನು ಓಖ್ಲಾ ಮತ್ತು ಬೆಂಗಳೂರಿನ ನಿದರ್ಶನಗಳ ಮೂಲಕ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಸಣ್ಣ ಉದ್ಯಮವೂ ನವೋದ್ಯಮವೂ

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಇಂಗ್ಲಿಷಿನ 'ಸ್ಟಾರ್ಟ್‌ಅಪ್' ಎಂಬುದಕ್ಕೆ ಕನ್ನಡದಲ್ಲಿ 'ನವೋದ್ಯಮ' ಎಂಬ ಪದವು ಆಡಳಿತದಲ್ಲಿಯೂ ಪತ್ರಿಕೆಗಳಲ್ಲಿಯೂ ನೆಲೆಗೊಂಡಿದೆ. ಕರ್ನಾಟಕ ಸರ್ಕಾರವು 2015ರಲ್ಲಿ ಈ ಕ್ಷೇತ್ರಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ಕೇಂದ್ರ ಸರ್ಕಾರದ 'ಸ್ಟಾರ್ಟ್‌ಅಪ್ ಇಂಡಿಯಾ' ಕಾರ್ಯಕ್ರಮ 2016ರ ಜನವರಿಯಲ್ಲಿ ಆರಂಭವಾಯಿತು. ಆದರೆ 'ಹೊಸ ಉದ್ಯಮ' ಎಂಬ ಪದಶಃ ಅರ್ಥವು ಇಲ್ಲಿ ಸಾಲದು. ಓಖ್ಲಾದಲ್ಲಿ ಹೊಸದಾಗಿ ತೆರೆದ ಮುದ್ರಣಾಲಯವೂ ಹೊಸ ಉದ್ಯಮವೇ ಆಗಿದ್ದರೂ ಅದು ನವೋದ್ಯಮವಲ್ಲ.

ವ್ಯತ್ಯಾಸವಿರುವುದು ಬಂಡವಾಳದ ಸ್ವರೂಪದಲ್ಲಿ. ಮುದ್ರಣಾಲಯದ ಒಡೆಯನು ಯಂತ್ರವನ್ನು ಅಡವಿಟ್ಟು ಬ್ಯಾಂಕಿನಿಂದ ಸಾಲ ಪಡೆಯುತ್ತಾನೆ. ಕಂತು ಕಟ್ಟಬೇಕಾದುದರಿಂದ ಬೇಗನೆ ಲಾಭ ಗಳಿಸಲೇಬೇಕಾಗುತ್ತದೆ. ತಂತ್ರಾಂಶವನ್ನು ನಂಬಿದ ಸಂಸ್ಥೆಯ ಬಳಿ ಅಡವಿಡಲು ಏನೂ ಇರುವುದಿಲ್ಲ. ಅದಕ್ಕೆ ಹಣ ಕೊಡುವವರು ಸಾಲಗಾರರ ಬದಲು ಪಾಲುದಾರರಾಗಿ ಬರುತ್ತಾರೆ. ಇವರು ಹಲವು ಸಂಸ್ಥೆಗಳಲ್ಲಿ ಹಣ ಹೂಡಿರುತ್ತಾರೆ. ಬಹುಪಾಲು ಮುಳುಗಿದರೂ ಉಳಿದ ಒಂದೆರಡು ಅಪಾರವಾಗಿ ಬೆಳೆದು ನಷ್ಟವನ್ನೆಲ್ಲ ತುಂಬಿಕೊಡಬೇಕೆಂಬುದು ಅವರ ಲೆಕ್ಕ. ಆದುದರಿಂದ ನವೋದ್ಯಮವು ಸಾವಕಾಶವಾಗಿ, ಮಿತವಾದ ಲಾಭದೊಡನೆ ಬಾಳುವುದನ್ನು ಅವರು ಬಯಸುವುದಿಲ್ಲ. ಆರಂಭದ ವರ್ಷಗಳಲ್ಲಿ ನಷ್ಟವಾದರೂ ಸರಿ, ಅದು ವೇಗವಾಗಿ ಬೆಳೆಯಬೇಕು. ಮುಂದೆ ಹೇಳಲಿರುವ ಏಳುಬೀಳುಗಳೆಲ್ಲ ಈ ಒಂದು ಸಂಗತಿಯಿಂದ ಹೊರಟವು.

3. ಪೂರ್ವಪೀಠಿಕೆ: ಕಾಲದ ಪಾತ್ರ

'ನವೋದ್ಯಮ' ಎಂಬ ಹೆಸರು ಬಳಕೆಗೆ ಬರುವ ಬಹು ಮೊದಲೇ ಆ ವಸ್ತು ದೆಹಲಿಯಲ್ಲಿತ್ತು. ನೊಯ್ಡಾ ಪ್ರಾಧಿಕಾರ ಹುಟ್ಟಿದ 1976ರಲ್ಲಿಯೇ ಶಿವ ನಾಡಾರ್ ಮತ್ತು ಅವರ ಸಂಗಡಿಗರು ಡಿಸಿಎಂ ಸಮೂಹದ ನೌಕರಿಯನ್ನು ಬಿಟ್ಟು ಹಿಂದೂಸ್ತಾನ್ ಕಂಪ್ಯೂಟರ್ಸ್ ಸಂಸ್ಥೆಯನ್ನು, ಅಂದರೆ ಇಂದಿನ ಎಚ್‌ಸಿಎಲ್ ಅನ್ನು, ಕಟ್ಟಿದರು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ನಿರ್ಬಂಧಗಳಿಗೆ ಒಪ್ಪದೆ ಐಬಿಎಂ ಸಂಸ್ಥೆಯು 1978ರಲ್ಲಿ ಭಾರತವನ್ನು ತೊರೆದಾಗ ಉಂಟಾದ ತೆರವು ದೇಶೀಯ ತಯಾರಕರಿಗೆ ಅನುಕೂಲವಾಯಿತು. ಎಚ್‌ಸಿಎಲ್‌ನಲ್ಲಿ ದುಡಿದಿದ್ದ ರಾಜೇಂದ್ರ ಪವಾರ್ ಮತ್ತು ವಿಜಯ್ ಥಡಾನಿ 1981ರಲ್ಲಿ ಕಂಪ್ಯೂಟರ್ ಶಿಕ್ಷಣಕ್ಕಾಗಿ ಎನ್‌ಐಐಟಿಯನ್ನು ಸ್ಥಾಪಿಸಿದವರಲ್ಲಿ ಪ್ರಮುಖರು. ಒಂದು ಸಂಸ್ಥೆಯಲ್ಲಿ ಪಳಗಿದವರು ಹೊರಬಂದು ಇನ್ನೊಂದನ್ನು ಕಟ್ಟುವ ಕ್ರಮವು ಇಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ.

ಕನ್ನಡ ನಾಡಿಗೆ ಸಂಬಂಧಿಸಿದ ಸಮಕಾಲೀನ ನಿದರ್ಶನ ಇನ್ಫೋಸಿಸ್. ಪಟ್ನಿ ಕಂಪ್ಯೂಟರ್ಸ್ ಸಂಸ್ಥೆಯಿಂದ ಹೊರಬಂದ ಎನ್. ಆರ್. ನಾರಾಯಣಮೂರ್ತಿ ಮತ್ತು ಸಂಗಡಿಗರು, ಒಟ್ಟು ಏಳು ಮಂದಿ, 1981ರಲ್ಲಿ ಪುಣೆಯಲ್ಲಿ ಅದನ್ನು ಆರಂಭಿಸಿದರು. ಸುಧಾ ಮೂರ್ತಿಯವರು ನೀಡಿದ 10,000 ರೂಪಾಯಿ ಅದರ ಮೂಲಧನವಾಗಿತ್ತೆಂಬುದು ಪ್ರಸಿದ್ಧ. 1983ರಲ್ಲಿ ಸಂಸ್ಥೆ ಬೆಂಗಳೂರಿಗೆ ಬಂದಿತು. ಷೇರುಗಳ ಬೆಲೆಯನ್ನು ಸರ್ಕಾರವೇ ನಿರ್ಧರಿಸುತ್ತಿದ್ದ ವ್ಯವಸ್ಥೆ 1992ರಲ್ಲಿ ರದ್ದಾದ ಮೇಲೆ, 1993ರಲ್ಲಿ ಇನ್ಫೋಸಿಸ್ ತನ್ನ ಷೇರನ್ನು 95 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಿತು. ಆಗ ಅದಕ್ಕೆ ನಿರೀಕ್ಷಿತ ಬೇಡಿಕೆ ಬರಲಿಲ್ಲ. 1994ರಲ್ಲಿ ನೌಕರರಿಗೂ ಷೇರು ನೀಡುವ ಯೋಜನೆಯೊಂದನ್ನು ಸಂಸ್ಥೆ ಜಾರಿಗೊಳಿಸಿತು. ಬಹುರಾಷ್ಟ್ರೀಯ ಸಂಸ್ಥೆಗಳ ಸಂಬಳಕ್ಕೆ ಸರಿದೂಗಲಾಗದ ಭಾರತೀಯ ಸಂಸ್ಥೆಯೊಂದು ಸಂಬಳದ ಕೊರತೆಯನ್ನು ಒಡೆತನದ ಪಾಲಿನಿಂದ ತುಂಬಿದ ಈ ಕ್ರಮವು ಮುಂದಿನ ಪೀಳಿಗೆಯ ನವೋದ್ಯಮಗಳಿಗೆ ಮಾದರಿಯಾಯಿತು.

ಈ ಎರಡೂ ಸಂದರ್ಭಗಳಲ್ಲಿ ಕಲ್ಪನೆಯು ಅಪೂರ್ವವಾದುದೇನೂ ಆಗಿರಲಿಲ್ಲ. ಕಂಪ್ಯೂಟರ್ ತಯಾರಿಕೆಯೂ ತಂತ್ರಾಂಶ ರಚನೆಯೂ ಇತರರಿಗೆ ತಿಳಿದಿದ್ದ ವಿದ್ಯೆಗಳೇ. ಕಾನೂನು ಬದಲಾದ ಗಳಿಗೆಯಲ್ಲಿ ಸಿದ್ಧವಾಗಿ ನಿಂತಿದ್ದ, ಚದುರದೆ ಉಳಿದಿದ್ದ ತಂಡವೊಂದು ಇದ್ದುದೇ ನಿರ್ಣಾಯಕವಾಯಿತು. ಕಾಲವನ್ನು ಯಾರೂ ಸೃಷ್ಟಿಸಲಾರರು. ಅದು ಒದಗುವವರೆಗೆ ತಂಡವನ್ನು ಹಿಡಿದಿಟ್ಟುಕೊಳ್ಳುವುದು ಮಾತ್ರ ಸ್ಥಾಪಕರ ಕೈಯಲ್ಲಿರುತ್ತದೆ.

4. ಓಖ್ಲಾದ ನಿದರ್ಶನ: ಸ್ನ್ಯಾಪ್‌ಡೀಲ್

ಓಖ್ಲಾ ಕೈಗಾರಿಕಾ ವಸಾಹತಿನ ಮೂರನೆಯ ಹಂತದಲ್ಲಿ ಬೆಳೆದು ರಾಷ್ಟ್ರದ ಗಮನ ಸೆಳೆದ ಸಂಸ್ಥೆ ಸ್ನ್ಯಾಪ್‌ಡೀಲ್. ಶಾಲಾ ದಿನಗಳಿಂದ ಗೆಳೆಯರಾಗಿದ್ದ ಕುನಾಲ್ ಬಹಲ್ ಮತ್ತು ರೋಹಿತ್ ಬನ್ಸಲ್ ಮೊದಲು ಕೈಗೊಂಡದ್ದು ಅಂಗಡಿಗಳ ರಿಯಾಯಿತಿ ಕೂಪನ್‌ಗಳ ಪುಸ್ತಿಕೆಯನ್ನು ಮಾರುವ ಕೆಲಸ. ಅದು ಫಲಿಸದಾಗ, 2010ರ ಫೆಬ್ರವರಿಯಲ್ಲಿ ದಿನಕ್ಕೊಂದು ರಿಯಾಯಿತಿಯನ್ನು ಅಂತರ್ಜಾಲದಲ್ಲಿ ನೀಡುವ ಸ್ನ್ಯಾಪ್‌ಡೀಲ್ ಆರಂಭವಾಯಿತು. ಈ ವ್ಯವಹಾರ ಚೆನ್ನಾಗಿ ನಡೆಯುತ್ತಿದ್ದಾಗಲೇ, 2011ರ ಹೊತ್ತಿಗೆ, ಚೀನಾದ ಅಲಿಬಾಬಾ ಮಾದರಿಯಿಂದ ಪ್ರೇರಿತರಾಗಿ ಸ್ಥಾಪಕರು ಅದನ್ನು ಬಿಟ್ಟು, ಬೇರೆ ಬೇರೆ ವ್ಯಾಪಾರಿಗಳು ತಮ್ಮ ಸರಕನ್ನು ನೇರವಾಗಿ ಗ್ರಾಹಕರಿಗೆ ಮಾರುವ ವೇದಿಕೆಯಾಗಿ ಸಂಸ್ಥೆಯನ್ನು ಮಾರ್ಪಡಿಸಿದರು. ಸ್ವಂತ ದಾಸ್ತಾನು ಇಲ್ಲದೆ ಸಾವಿರಾರು ವ್ಯಾಪಾರಿಗಳನ್ನು ಬೆಸೆಯುವ ಈ ಬಗೆಯು ಬೇಗನೆ ಬೆಳೆಯಿತು. 2014ರ ಅಕ್ಟೋಬರ್‌ನಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ 62.7 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. 2016ರ ಫೆಬ್ರವರಿಯಲ್ಲಿ ಹೂಡಿಕೆದಾರರು ಸಂಸ್ಥೆಗೆ ಕಟ್ಟಿದ ಬೆಲೆ ಸುಮಾರು 650 ಕೋಟಿ ಡಾಲರ್.

ಇಲ್ಲಿಯವರೆಗಿನ ಕಥೆಯಿಂದ ತಿಳಿದುಬರುವುದು, ಸರಕನ್ನೂ ವ್ಯವಹಾರದ ರೂಪವನ್ನೂ ಸಕಾಲದಲ್ಲಿ ಬದಲಿಸಿದ್ದು ಸಂಸ್ಥೆಗೆ ಹಾನಿ ಮಾಡಲಿಲ್ಲವೆಂಬುದು. ಹಾನಿಯಾದದ್ದು ಬೇರೆ ಕಾರಣದಿಂದ. ಹೇರಳವಾದ ಬಂಡವಾಳ ಬಂದೊಡನೆ ಸಂಸ್ಥೆ ಅನೇಕ ಹೊಸ ಕೆಲಸಗಳಿಗೆ ಕೈಹಾಕಿತು. ಅನೇಕ ಸಂಸ್ಥೆಗಳನ್ನು ಕೊಂಡಿತು. ಅವುಗಳಲ್ಲಿ ಒಂದಾದ ಫ್ರೀಚಾರ್ಜ್ 2015ರಲ್ಲಿ ಸುಮಾರು 40 ಕೋಟಿ ಡಾಲರ್ ಮೌಲ್ಯದ ಒಪ್ಪಂದದಲ್ಲಿ ಬಂದಿತೆಂದು ವರದಿಯಾಗಿತ್ತು. 2017ರಲ್ಲಿ ಅದನ್ನು ಆಕ್ಸಿಸ್ ಬ್ಯಾಂಕಿಗೆ ಮಾರಿದ್ದು 385 ಕೋಟಿ ರೂಪಾಯಿಗೆ, ಅಂದರೆ ಹಿಂದಿನ ಬೆಲೆಯ ಒಂದು ಸಣ್ಣ ಅಂಶಕ್ಕೆ. 2017ರ ಫೆಬ್ರವರಿಯಲ್ಲಿ ನೂರಾರು ನೌಕರರು ಕೆಲಸ ಕಳೆದುಕೊಂಡರು. ಸರಿಯಾದ ಆರ್ಥಿಕ ಮಾದರಿಯನ್ನು ಕಂಡುಕೊಳ್ಳುವ ಮೊದಲೇ ಬೆಳವಣಿಗೆಯನ್ನು ಬೆನ್ನಟ್ಟಿದೆವೆಂದು ಸ್ಥಾಪಕರು ನೌಕರರಿಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡು, ತಮ್ಮ ಸಂಬಳವನ್ನು ಪೂರ್ಣವಾಗಿ ಬಿಟ್ಟುಕೊಟ್ಟರು. ಅದೇ ವರ್ಷದ ಜುಲೈ ಅಂತ್ಯದಲ್ಲಿ ಫ್ಲಿಪ್‌ಕಾರ್ಟ್‌ನೊಂದಿಗಿನ ವಿಲೀನದ ಮಾತುಕತೆ ಮುರಿದುಬಿತ್ತು.

ಆ ಬಳಿಕ ಸಂಸ್ಥೆಯು ಸಣ್ಣ ಪಟ್ಟಣಗಳ ಗ್ರಾಹಕರಿಗೆ ಅಗ್ಗದ ಸರಕನ್ನು ಒದಗಿಸುವ ಕೆಲಸಕ್ಕೆ ತನ್ನನ್ನು ಮಿತಗೊಳಿಸಿಕೊಂಡು ಉಳಿಯಿತು. 2015ರಲ್ಲಿ ಅದು ಕೊಂಡಿದ್ದ ಯುನಿಕಾಮರ್ಸ್ ಎಂಬ ಸಂಸ್ಥೆಯ ಗತಿ ಇನ್ನೂ ಗಮನಾರ್ಹ. ಅಂತರ್ಜಾಲ ವ್ಯಾಪಾರಿಗಳ ದಾಸ್ತಾನು ಮತ್ತು ಬೇಡಿಕೆಗಳ ಲೆಕ್ಕವಿಡುವ ತಂತ್ರಾಂಶವನ್ನು ಒದಗಿಸುವುದು ಇದರ ಕೆಲಸ. ಲಾಭಕ್ಕೆ ಬಂದು, 2024ರ ಆಗಸ್ಟ್‌ನಲ್ಲಿ 108 ರೂಪಾಯಿಗೆ ಷೇರು ನೀಡಿ ಮಾರುಕಟ್ಟೆಗೆ ಇಳಿದಾಗ ಅದು ಮೊದಲ ದಿನವೇ ದುಪ್ಪಟ್ಟಿಗಿಂತ ಹೆಚ್ಚಿನ ಬೆಲೆಯಲ್ಲಿ ವಹಿವಾಟು ಆರಂಭಿಸಿತು. ಸಮೂಹದಲ್ಲಿ ಮೊದಲು ಷೇರುಪೇಟೆಯನ್ನು ತಲುಪಿದ್ದು ಹೆಸರಾಂತ ಮಾತೃಸಂಸ್ಥೆಯಲ್ಲ. ವ್ಯಾಪಾರಿಗಳ ಒಂದು ನಿತ್ಯದ ತೊಂದರೆಯನ್ನು ನೀಗಿಸುತ್ತಿದ್ದ ಈ ಸಣ್ಣ ಸಂಸ್ಥೆ.

5. ಕೋರಮಂಗಲದೊಡನೆ ಹೋಲಿಕೆ

ದೆಹಲಿಯ ಐಐಟಿಯಲ್ಲಿ ಓದಿದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ 2007ರಲ್ಲಿ ಫ್ಲಿಪ್‌ಕಾರ್ಟ್ ಆರಂಭಿಸಿದ್ದು ದೆಹಲಿಯಲ್ಲಲ್ಲ, ಬೆಂಗಳೂರಿನ ಕೋರಮಂಗಲದಲ್ಲಿ. ಅವರು ಅಲ್ಲಿ ಅಮೆಜಾನ್ ಸಂಸ್ಥೆಯ ನೌಕರರಾಗಿದ್ದುದೇ ಇದಕ್ಕೆ ಕಾರಣ. ಹೀಗೆ ಒಂದೇ ನಗರದ ಹಿನ್ನೆಲೆಯವರು ಕಟ್ಟಿದ ಎರಡು ಸಂಸ್ಥೆಗಳಲ್ಲಿ ಒಂದು ಓಖ್ಲಾದಲ್ಲಿಯೂ ಇನ್ನೊಂದು ಕೋರಮಂಗಲದಲ್ಲಿಯೂ ಬೆಳೆದವು. ಸರಕು ಕೈಸೇರಿದ ಮೇಲೆ ಹಣ ಪಡೆಯುವ ಪದ್ಧತಿಯನ್ನು ಫ್ಲಿಪ್‌ಕಾರ್ಟ್ 2010ರಲ್ಲಿ ಅಳವಡಿಸಿಕೊಂಡಿತು. ಸಾಗಣೆಯ ವ್ಯವಸ್ಥೆಯನ್ನೂ ಸ್ವಂತವಾಗಿ ಕಟ್ಟಿತು. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ನೀಡಿ ಅದರ ಸುಮಾರು ಶೇಕಡ 77ರಷ್ಟು ಪಾಲನ್ನು ಕೊಂಡಿತು.

ಸ್ಥಳದ ಪ್ರಭಾವವನ್ನು ಅರಿಯಲು ಆನಲೀ ಸ್ಯಾಕ್ಸೇನಿಯನ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ನೆರವಾಗುತ್ತದೆ. ಅಮೆರಿಕದ ಸಿಲಿಕಾನ್ ಕಣಿವೆಯು ಬಾಸ್ಟನ್ ಪ್ರದೇಶವನ್ನು ಹಿಂದಿಕ್ಕಿದ್ದಕ್ಕೆ, ನೌಕರರು ಸಂಸ್ಥೆಯಿಂದ ಸಂಸ್ಥೆಗೆ ಸುಲಭವಾಗಿ ಸಾಗಿ ಜ್ಞಾನವನ್ನು ಹಂಚುತ್ತಿದ್ದುದು ಒಂದು ಮುಖ್ಯ ಕಾರಣವೆಂದು ಆಕೆ ತೋರಿಸಿದರು. ಭಾರತದಲ್ಲಿ 1872ರ ಕರಾರು ಕಾಯಿದೆಯ 27ನೆಯ ಪ್ರಕರಣವು ವೃತ್ತಿಯನ್ನು ನಿರ್ಬಂಧಿಸುವ ಕರಾರನ್ನು ಅಸಿಂಧುವೆಂದು ಸಾರುತ್ತದೆ. ಆದುದರಿಂದ ಕೆಲಸ ಬಿಟ್ಟವರು ಪ್ರತಿಸ್ಪರ್ಧಿಯನ್ನು ಸೇರಬಾರದೆಂಬ ಷರತ್ತು ಇಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಒಂದೂವರೆ ಶತಮಾನದ ಹಿಂದಿನ ಈ ಪ್ರಕರಣವೂ ನವೋದ್ಯಮಗಳಿಗೆ ಆಧಾರವಾಗಿದೆ. ಆದರೆ ದೆಹಲಿ ಪ್ರದೇಶದ ಸಂಸ್ಥೆಗಳು ಓಖ್ಲಾ, ಗುರುಗ್ರಾಮ, ನೊಯ್ಡಾಗಳಲ್ಲಿ, ಅಂದರೆ ಮೂರು ಸರ್ಕಾರಗಳ ವ್ಯಾಪ್ತಿಯಲ್ಲಿ, ಹರಡಿಕೊಂಡಿವೆ. ಸ್ನ್ಯಾಪ್‌ಡೀಲ್ ಕೂಡ ಅನಂತರ ಗುರುಗ್ರಾಮಕ್ಕೆ ಸ್ಥಳಾಂತರಗೊಂಡಿತು. ಕೋರಮಂಗಲದಂತೆ ಒಂದೇ ಬಡಾವಣೆಯಲ್ಲಿ ಸಂಸ್ಥೆ ಬದಲಿಸುವ ಸೌಕರ್ಯ ಇಲ್ಲಿ ಕಡಿಮೆ.

6. ದುಡಿಯುವವರು ಏಕೆ ಬರುತ್ತಾರೆ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೇಮ್ಸ್ ಬ್ಯಾರನ್ ಮತ್ತು ಮೈಕೆಲ್ ಹ್ಯಾನನ್ 1990ರ ದಶಕದ ಮಧ್ಯಭಾಗದಿಂದ ಸಿಲಿಕಾನ್ ಕಣಿವೆಯ ಸುಮಾರು 200 ಎಳೆಯ ಸಂಸ್ಥೆಗಳನ್ನು ಹಲವು ವರ್ಷ ಪರಿಶೀಲಿಸಿದರು. ನೌಕರರನ್ನು ಸಂಸ್ಥೆಗೆ ಕಟ್ಟಿಹಾಕುವ ಬಂಧಗಳು ಮೂರು ಎಂದು ಅವರು ಗುರುತಿಸಿದರು: ಹಣ, ಸವಾಲಿನ ಕೆಲಸ ಮತ್ತು ಜೊತೆಗಾರರ ಮೇಲಣ ಪ್ರೀತಿ. ಮೂರನೆಯ ಬಂಧದ ಮೇಲೆ ಕಟ್ಟಿದ ಸಂಸ್ಥೆಗಳು ಮುಚ್ಚಿಹೋಗುವ ಸಂಭವ ಎಲ್ಲಕ್ಕಿಂತ ಕಡಿಮೆಯೆಂದು ಅವರಿಗೆ ಕಂಡುಬಂದಿತು. ಅದಕ್ಕಿಂತ ಮುಖ್ಯವಾದ ಫಲಿತಾಂಶ ಇನ್ನೊಂದಿದೆ. ಯಾವ ಬಂಧವಾದರೂ ಆಗಲಿ, ಅದನ್ನು ನಡುವೆ ಬದಲಿಸಿದ ಸಂಸ್ಥೆಗಳಲ್ಲಿ ನೌಕರರು ಬಿಟ್ಟುಹೋಗುವುದು ಹೆಚ್ಚಾಗಿ, ಸಂಸ್ಥೆಯೇ ಅಸ್ಥಿರವಾಗುತ್ತಿತ್ತು. ಓಖ್ಲಾದ ಕಥೆಯನ್ನು ಇದರೊಡನೆ ಇಟ್ಟು ನೋಡಿದರೆ ಈ ಲೇಖನದ ಪ್ರತಿಪಾದನೆ ಸ್ಪಷ್ಟವಾಗುತ್ತದೆ. ಸರಕು ಬದಲಾಗಬಹುದು; ಆದರೆ ಯಾವ ಮಾತನ್ನು ನಂಬಿ ಜನರು ಬಂದರೋ ಆ ಒಡಂಬಡಿಕೆ ಬದಲಾದರೆ ಸಂಸ್ಥೆ ನಿಲ್ಲುವುದು ಕಷ್ಟ.

ಈ ಒಡಂಬಡಿಕೆಯಲ್ಲಿ ಹಣದ ಭಾಗವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಹೊರಗೆ ವರ್ಷಕ್ಕೆ 20 ಲಕ್ಷ ರೂಪಾಯಿ ದೊರೆಯಬಹುದಾದ ಎಂಜಿನಿಯರ್ ಒಬ್ಬರು 14 ಲಕ್ಷಕ್ಕೂ ಷೇರಿನ ಭರವಸೆಗೂ ಒಪ್ಪಿ ನಾಲ್ಕು ವರ್ಷ ದುಡಿದರೆಂದು ಭಾವಿಸೋಣ. ಅವರು ಬಿಟ್ಟುಕೊಟ್ಟ 24 ಲಕ್ಷ ರೂಪಾಯಿ ವಾಸ್ತವವಾಗಿ ಆ ಸಂಸ್ಥೆಯಲ್ಲಿ ಮಾಡಿದ ಹೂಡಿಕೆಯೇ. ಆದರೆ ಹೂಡಿಕೆದಾರನು ಹತ್ತಾರು ಸಂಸ್ಥೆಗಳಲ್ಲಿ ಹಣವನ್ನು ಹಂಚಿಟ್ಟಿರುತ್ತಾನೆ. ನೌಕರನು ತನ್ನ ಆಯುಷ್ಯದ ನಾಲ್ಕು ವರ್ಷಗಳನ್ನು ಒಂದೇ ಸಂಸ್ಥೆಯಲ್ಲಿಟ್ಟಿರುತ್ತಾನೆ. ಕಂಪನಿ ನಿಯಮಗಳಂತೆ, ಷೇರು ಪಡೆಯುವ ಆಯ್ಕೆ ದೊರೆತ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಅದು ಕೈಗೆ ಬರುವುದಿಲ್ಲ. ಬಂದ ಮೇಲೆಯೂ, ಷೇರನ್ನು ಕೊಂಡಾಗ ಅದರ ಮೌಲ್ಯಕ್ಕೂ ತೆತ್ತ ಬೆಲೆಗೂ ಇರುವ ಅಂತರವನ್ನು ಸಂಬಳವೆಂದೇ ಎಣಿಸಿ ತೆರಿಗೆ ವಿಧಿಸಲಾಗುತ್ತದೆ. ಅರ್ಹ ನವೋದ್ಯಮಗಳ ನೌಕರರಿಗೆ ಈ ತೆರಿಗೆಯನ್ನು ಮುಂದೂಡುವ ಸೌಲಭ್ಯ 2020ರ ಹಣಕಾಸು ಕಾಯಿದೆಯಿಂದ ದೊರೆಯಿತು.

ಇದಕ್ಕಿಂತ ಗಂಭೀರವಾದುದು ಆದ್ಯತೆಯ ಷರತ್ತು. ಸಂಸ್ಥೆ ಮಾರಾಟವಾದಾಗ ಹೂಡಿಕೆದಾರರು ತಾವು ಹಾಕಿದ ಹಣವನ್ನು ಮೊದಲು ಹಿಂಪಡೆಯುವ ಹಕ್ಕನ್ನು ಸಾಮಾನ್ಯವಾಗಿ ಇರಿಸಿಕೊಂಡಿರುತ್ತಾರೆ. 120 ಕೋಟಿ ರೂಪಾಯಿ ಹೂಡಿಕೆ ಪಡೆದ ಸಂಸ್ಥೆಯು 100 ಕೋಟಿಗೆ ಮಾರಾಟವಾದರೆ ಆ ಮೊತ್ತವೆಲ್ಲ ಅವರಿಗೇ ಸಲ್ಲುತ್ತದೆ. ನೌಕರರ ಷೇರಿಗೆ ಬೆಲೆಯೇ ಉಳಿಯುವುದಿಲ್ಲ. ಪತ್ರಿಕೆಗಳಲ್ಲಿ ಪ್ರಕಟವಾಗುವ ನೂರಾರು ಕೋಟಿಯ ಮಾರಾಟಗಳು ನೌಕರರ ಪಾಲಿಗೆ ಶೂನ್ಯವಾಗಿರಬಹುದು ಎಂಬುದನ್ನು ಸಂಶೋಧಕರು ನೆನಪಿಡಬೇಕು. ಸ್ಥಾಪಕರ ಸ್ಥಿತಿಯೂ ಬಹಳ ಭಿನ್ನವಲ್ಲ. ಅಮೆರಿಕದಲ್ಲಿ ಸಾಹಸ ಬಂಡವಾಳ ಪಡೆದ ಸಂಸ್ಥೆಗಳ ಸ್ಥಾಪಕರಲ್ಲಿ ಸುಮಾರು ಮುಕ್ಕಾಲು ಮಂದಿಗೆ ಕೊನೆಯಲ್ಲಿ ಏನೂ ದೊರೆಯುವುದಿಲ್ಲವೆಂದು ರಾಬರ್ಟ್ ಹಾಲ್ ಮತ್ತು ಸೂಸನ್ ವುಡ್‌ವರ್ಡ್ 2010ರಲ್ಲಿ ತೋರಿಸಿದರು. ಇನ್ನೊಂದು ತುದಿಯಲ್ಲಿ, ಫ್ಲಿಪ್‌ಕಾರ್ಟ್ 2023ರಲ್ಲಿ ತನ್ನ ಷೇರು ಆಯ್ಕೆ ಹೊಂದಿದ್ದ ನೌಕರರಿಗೆ ಸುಮಾರು 70 ಕೋಟಿ ಡಾಲರ್ ಪಾವತಿಸಿತು. ಜನರನ್ನು ಆಕರ್ಷಿಸುವುದು ಈ ಎರಡನೆಯ ಬಗೆಯ ವಾರ್ತೆ. ಹೆಚ್ಚಿನವರ ಅನುಭವ ಮೊದಲನೆಯ ಬಗೆಯದು.

ಹಾಗಿದ್ದರೂ ಜನರು ಬರುತ್ತಾರೆಂದ ಮೇಲೆ ಹಣವೊಂದೇ ಕಾರಣವಲ್ಲವೆಂಬುದು ಸ್ಪಷ್ಟ. ದೊಡ್ಡ ಸಂಸ್ಥೆಯಲ್ಲಿ ಹತ್ತು ವರ್ಷಗಳ ಸೇವೆಯ ಮೇಲೆ ಸಿಗುವ ಹೊಣೆಗಾರಿಕೆ ಇಲ್ಲಿ ಮೊದಲ ವರ್ಷವೇ ಸಿಗುತ್ತದೆ. ಬರೆದ ತಂತ್ರಾಂಶವನ್ನು ಮರುದಿನವೇ ಜನರು ಬಳಸುವುದನ್ನು ಕಾಣಬಹುದು. ಸಂಸ್ಥೆ ಮುಳುಗಿದರೂ ಕಲಿತದ್ದು ಉಳಿಯುತ್ತದೆ, ಮುಂದಿನ ಕೆಲಸಕ್ಕೆ ಅದೇ ಯೋಗ್ಯತಾಪತ್ರವಾಗುತ್ತದೆ.

7. ಕಾಯಕದ ಪ್ರಶ್ನೆ

ನವೋದ್ಯಮದ ದುಡಿಮೆಯನ್ನು ಹನ್ನೆರಡನೆಯ ಶತಮಾನದ ಶರಣರ ಕಾಯಕ ತತ್ತ್ವಕ್ಕೆ ಹೋಲಿಸುವುದು ಕರ್ನಾಟಕದ ಸಭೆ ಸಮಾರಂಭಗಳಲ್ಲಿ ವಾಡಿಕೆಯಾಗಿದೆ. ಈ ಹೋಲಿಕೆಯನ್ನು ಎಚ್ಚರಿಕೆಯಿಂದ ಬಳಸಬೇಕು. ದುಡಿಮೆಯಲ್ಲಿ ತನ್ಮಯತೆ, ಕಸುಬುಗಳಲ್ಲಿ ಮೇಲುಕೀಳಿಲ್ಲವೆಂಬ ಭಾವ ಇವು ಸಮಾನವೆನಿಸಬಹುದು. ಆದರೆ ಕಾಯಕವು ದಾಸೋಹದಿಂದ ಬೇರೆಯಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಆಯ್ದಕ್ಕಿ ಲಕ್ಕಮ್ಮ ಹಿಂದಿರುಗಿಸಿ ಕಳಿಸಿದ ಪ್ರಸಂಗವು ಗಳಿಕೆಗೆ ಮಿತಿಯನ್ನು ವಿಧಿಸುತ್ತದೆ. ನವೋದ್ಯಮವಾದರೋ ಮಿತಿಯಿಲ್ಲದ ಬೆಳವಣಿಗೆಯ ನಿರೀಕ್ಷೆಯ ಮೇಲೆ ನಿಂತಿದೆ. ಕಾಯಕ ತತ್ತ್ವವು ಇಲ್ಲಿ ಹೊಗಳಿಕೆಯ ಮಾತಾಗುವುದಕ್ಕಿಂತ, ದುಡಿದವರಿಗೆಲ್ಲ ಪಾಲು ಸಂದಿದೆಯೇ ಎಂದು ಕೇಳುವ ಅಳತೆಗೋಲಾಗುವುದು ಉಚಿತ.

ಆ ಅಳತೆಗೋಲನ್ನು ಹಿಡಿದರೆ, ಷೇರಿನ ಒಡಂಬಡಿಕೆಯ ಹೊರಗೇ ಉಳಿದವರು ಕಾಣಿಸುತ್ತಾರೆ. ಸರಕನ್ನು ಮನೆಬಾಗಿಲಿಗೆ ಮುಟ್ಟಿಸುವವರು, ಗೋದಾಮಿನಲ್ಲಿ ಕಟ್ಟುವವರು ಸಂಸ್ಥೆಯ ಯಶಸ್ಸಿಗೆ ಎಂಜಿನಿಯರರಷ್ಟೇ ಅಗತ್ಯ. ಆದರೆ ಷೇರಿನ ಆಯ್ಕೆ ಸಾಮಾನ್ಯವಾಗಿ ಅವರನ್ನು ಮುಟ್ಟುವುದಿಲ್ಲ. ಕರ್ನಾಟಕವು 2025ರಲ್ಲಿ ವೇದಿಕೆ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯಿದೆಯನ್ನು ಮಾಡಿ, ಅವರಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಸಂಸ್ಥೆಗಳಿಂದ ಪಡೆಯಲು ಅವಕಾಶ ಕಲ್ಪಿಸಿತು. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದಿದೆ.

8. ಸಮಾರೋಪ

ನವೋದ್ಯಮದ ಯಶಸ್ಸಿಗೆ ಕಾಲ, ತಂಡ, ಜನರ ನಿಜವಾದ ಅಗತ್ಯ, ಬಂಡವಾಳ ಎಂಬ ಅಂಗಗಳೆಲ್ಲ ಬೇಕು. ಇವುಗಳಲ್ಲಿ ಬಂಡವಾಳವು ಅತಿಯಾದಾಗ ಉಳಿದವನ್ನು ಮರೆಸಬಲ್ಲದು ಎಂಬುದನ್ನು ಓಖ್ಲಾದ 2014ರಿಂದ 2017ರವರೆಗಿನ ಅನುಭವ ತೋರಿಸುತ್ತದೆ. ತಂಡವನ್ನು ಉಳಿಸುವುದು ಒಡಂಬಡಿಕೆ. ಅದು ಹಣ, ಕೆಲಸ, ಜೊತೆಗಾರಿಕೆ ಎಂಬ ಮೂರು ಎಳೆಗಳಿಂದ ಆದುದು. ಹಣದ ಎಳೆ ತುಂಡಾದಾಗ ಉಳಿದೆರಡು ಗಟ್ಟಿಯಾಗಿದ್ದರೆ ಮಾತ್ರ ಸಂಸ್ಥೆ ಬದುಕುತ್ತದೆ.

ಕನ್ನಡ ಸಂಶೋಧಕರಿಗೆ ಇಲ್ಲಿ ಎರಡು ಕೆಲಸಗಳಿವೆ. ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ 2020ರಲ್ಲಿ ಕನ್ನಡದಲ್ಲಿ ವ್ಯವಹರಿಸುವ ಸೌಲಭ್ಯವನ್ನು ಒದಗಿಸಿದವು. ಬೆಂಗಳೂರಿನಲ್ಲಿಯೇ ಹುಟ್ಟಿದ ಸಂಸ್ಥೆಯು ಇದಕ್ಕೆ ಹದಿಮೂರು ವರ್ಷ ತೆಗೆದುಕೊಂಡದ್ದು ಏಕೆಂಬುದು ಭಾಷಾ ಅಧ್ಯಯನಕ್ಕೆ ಯೋಗ್ಯವಾದ ಪ್ರಶ್ನೆ. ಎರಡನೆಯದಾಗಿ, ಈ ಸಂಸ್ಥೆಗಳ ಚರಿತ್ರೆ ಇದುವರೆಗೆ ಬಹುಮಟ್ಟಿಗೆ ಸ್ಥಾಪಕರ ಚರಿತ್ರೆಯಾಗಿದೆ. ದೆಹಲಿ, ನೊಯ್ಡಾ, ಗುರುಗ್ರಾಮಗಳಲ್ಲಿ ನೆಲೆಸಿ ಅಲ್ಲಿ ದುಡಿದ, ಕೆಲಸ ಕಳೆದುಕೊಂಡ, ಮತ್ತೆ ಬೇರೆಡೆ ಸೇರಿದ ಹೊರನಾಡ ಕನ್ನಡಿಗರ ಅನುಭವಗಳನ್ನು ಅವರ ಮಾತಿನಲ್ಲಿಯೇ ಸಂಗ್ರಹಿಸುವ ಕಾರ್ಯವನ್ನು ರಾಜ್ಯದ ಹೊರಗಿರುವ ವಿದ್ವಾಂಸರೇ ಉತ್ತಮವಾಗಿ ನಿರ್ವಹಿಸಬಲ್ಲರು. ನವೋದ್ಯಮವು ಕೊಟ್ಟ ಮಾತೇನು, ಅದರಲ್ಲಿ ಸಂದುದೆಷ್ಟು ಎಂಬುದನ್ನು ಅಂತಹ ಸಂಗ್ರಹದಿಂದಲೇ ಖಚಿತವಾಗಿ ಅರಿಯಲು ಸಾಧ್ಯ.